ಕೊನೆಯ ರೇಟಿಂಗ್ ಯಾರಿಗೆ ಕೊಡಲಿ?

ಪ್ರಶ್ನೆ: ಮಾನ್ಯರೇ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹೋದ ವರ್ಷ ಮ್ಯಾನೇಜರ್ ಹುದ್ದೆಗೆ ಬಡ್ತಿ ಪಡೆದೆ. ನನ್ನ ತಂಡದ 11 ಜನರೂ ಒಪ್ಪಿಕೊಂಡ ಕೆಲಸವನ್ನು ಸಮಯಕ್ಕೆ ಮುಗಿಸಿದ್ದಾರೆ. ಆದರೂ ಬೆಲ್ ಕರ್ವ್ (ಕೆಲವರು ಮೇಲೆ, ಹೆಚ್ಚಿನವರು ನಡುವೆ, ಕೆಲವರು ಕೆಳಗೆ ಎಂದು ಹಂಚುವ ಗಂಟೆಯಾಕಾರದ ರೇಖೆ) ಪ್ರಕಾರ ಒಬ್ಬರಿಗಾದರೂ ಕೊನೆಯ ರೇಟಿಂಗ್ ಕೊಡಲೇಬೇಕೆಂದು ಎಚ್.ಆರ್. ವಿಭಾಗದವರು ಹೇಳುತ್ತಿದ್ದಾರೆ. ಹೆರಿಗೆ ರಜೆಯಲ್ಲಿದ್ದವರಿಗೆ ಕೊಟ್ಟುಬಿಟ್ಟರೆ ಯಾರಿಗೂ ಬೇಸರವಾಗದು ಎಂಬುದು ಹಿರಿಯ ಸಹೋದ್ಯೋಗಿಯೊಬ್ಬರ ಸಲಹೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಸಲಹೆಯನ್ನು ಮೊದಲು ಬದಿಗಿಡಿ. ಹೆರಿಗೆ ರಜೆ ಕಂಪನಿಯ ಔದಾರ್ಯವಲ್ಲ, ಕಾನೂನು ಕೊಟ್ಟ ಹಕ್ಕು. 2017ರ ತಿದ್ದುಪಡಿಯಲ್ಲಿ ಅದನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. ರಜೆಯ ಅವಧಿಯನ್ನು ಬಿಟ್ಟು, ಆಕೆ ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ನೋಡಬೇಕು. ‘ಯಾರಿಗೂ ಬೇಸರವಾಗದು’ ಎಂದವರು ಆಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂಬುದು ನಿಮಗೂ ಹೊಳೆದಿರಬೇಕು.

ಇನ್ನು ಬೆಲ್ ಕರ್ವ್. ಯಾರನ್ನೂ ಆರಿಸದೆ ತೆಗೆದುಕೊಂಡ ದೊಡ್ಡ ಗುಂಪಿಗೆ ಆ ರೇಖೆ ಹೊಂದೀತು. ಪರೀಕ್ಷೆ, ಸಂದರ್ಶನಗಳಲ್ಲಿ ಜರಡಿ ಹಿಡಿದು ಆರಿಸಿಕೊಂಡ 11 ಜನರಲ್ಲಿ ಒಬ್ಬರು ದುರ್ಬಲರಾಗಿರಲೇಬೇಕು ಎನ್ನುವುದಕ್ಕೆ ಸಂಖ್ಯಾಶಾಸ್ತ್ರದ ಆಧಾರವಿಲ್ಲ. ನೌಕರರನ್ನು ಶೇ. 20, 70 ಮತ್ತು 10 ಎಂದು ವಿಂಗಡಿಸಿ ಕೊನೆಯ ಶೇ. 10 ಮಂದಿಯನ್ನು ಹೊರಗೆ ಕಳಿಸುವ ಪದ್ಧತಿ ಹೆಸರಾದದ್ದು, 1981ರಿಂದ 2001ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ನಡೆಸಿದ ಜ್ಯಾಕ್ ವೆಲ್ಚ್ ಅವರಿಂದ. ಹೀಗೆಯೇ ನೌಕರರನ್ನು ಶ್ರೇಣಿಗಳಲ್ಲಿ ಕೂರಿಸುತ್ತಿದ್ದ ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಸಮರ್ಥ ಎಂಜಿನಿಯರ್‌ಗಳು ಇತರ ಸಮರ್ಥರಿರುವ ತಂಡಕ್ಕೆ ಹೋಗಲು ಹಿಂಜರಿಯುತ್ತಿದ್ದಾರೆಂದು ಅಲ್ಲಿನ ನೌಕರರೇ ದೂರಿದ್ದರು. ನಿಮ್ಮ ತಂಡದಲ್ಲೂ, ಹೊಸಬರಿಗೆ ಕೆಲಸ ಕಲಿಸಿಕೊಟ್ಟವರೇ ಹಿಂದೆ ಬೀಳುವಂತಾದರೆ, ಮುಂದಿನ ವರ್ಷ ಯಾರು ಯಾರಿಗೆ ಕಲಿಸುತ್ತಾರೆ?

ಆದರೆ ಕಂಪನಿಯ ಪದ್ಧತಿಯನ್ನು ನೀವೊಬ್ಬರೇ ಬದಲಿಸಲಾರಿರಿ. ಈ ಶೇಕಡಾವಾರು ಪ್ರತಿ ತಂಡಕ್ಕೋ ಇಡೀ ವಿಭಾಗಕ್ಕೋ ಎಂದು ಎಚ್.ಆರ್. ಅವರನ್ನು ಮೇಲ್ ಬರೆದೇ ಕೇಳಿ. ಎಷ್ಟೋ ಕಡೆ ನಿಯಮವಿರುವುದು ದೊಡ್ಡ ವಿಭಾಗಕ್ಕೆ. ವಾದವೇ ಬೇಡವೆಂದು ಮೇಲಿನವರು ಅದನ್ನು ತಂಡಗಳಿಗೆ ಹಂಚಿಬಿಡುತ್ತಾರೆ. ಹಾಗಿದ್ದರೆ ನೀವು ವಾದಿಸಬೇಕಾದ ಜಾಗ, ಎಲ್ಲ ತಂಡಗಳ ರೇಟಿಂಗ್‌ಗಳನ್ನು ಒಟ್ಟಿಗೆ ಹೋಲಿಸಿ ಅಂತಿಮಗೊಳಿಸುವ ನಾರ್ಮಲೈಸೇಷನ್ ಮೀಟಿಂಗ್. ಅಲ್ಲಿ ‘ಹುಡುಗ ತುಂಬಾ ಒಳ್ಳೆಯವನು ಸಾರ್’ ಎಂಬ ಮಾತು ನಡೆಯುವುದಿಲ್ಲ. ಯಾವ ರಿಲೀಸ್, ಯಾವ ತಿಂಗಳು, ಗ್ರಾಹಕರು ಏನೆಂದು ಮೇಲ್ ಬರೆದರು, ನಡುರಾತ್ರಿ ಸರ್ವರ್ ಕೈಕೊಟ್ಟಾಗ ಎದ್ದು ಕುಳಿತು ಸರಿಮಾಡಿದವರು ಯಾರು ಎಂಬುದನ್ನೆಲ್ಲ ಒಬ್ಬೊಬ್ಬರಿಗೆ ಒಂದು ಪುಟದಂತೆ ಬರೆದುಕೊಂಡು ಹೋಗಿ. ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ, ಹಿಂದಿನ ಮೇ ತಿಂಗಳಲ್ಲಿ ಮಾಡಿದ್ದು ಮರೆತುಹೋಗಿರುತ್ತದೆ. ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳಲು ಬಾರದವರಿಗೆ ಅನ್ಯಾಯವಾಗುವುದು ಹೆಚ್ಚಾಗಿ ಇಲ್ಲಿಯೇ.

ಅಷ್ಟು ಮಾಡಿಯೂ ಯಾರಿಗಾದರೂ ಆ ರೇಟಿಂಗ್ ಕೊಡಬೇಕಾಗಿ ಬಂದರೆ, ಪತ್ರ ಕೈಸೇರುವ ಮೊದಲೇ ಅವರನ್ನು ಎದುರು ಕೂರಿಸಿಕೊಂಡು ನೀವೇ ತಿಳಿಸಿ. ಮನೆಮಂದಿಯ ಕ್ಷೇಮ ವಿಚಾರಿಸುತ್ತ ಹತ್ತು ನಿಮಿಷ ಕಳೆಯಬೇಡಿ. ವಿಷಯವನ್ನು ಮೊದಲೇ ಹೇಳಿ, ಇನ್‌ಕ್ರಿಮೆಂಟ್ ಮತ್ತು ವೇರಿಯಬಲ್ ಪೇ (ಸಾಧನೆಗೆ ತಕ್ಕಂತೆ ಸಿಗುವ ಸಂಬಳದ ಭಾಗ) ಎಷ್ಟು ಕಡಿಮೆಯಾಗುತ್ತದೆಂಬುದನ್ನೂ ಸ್ಪಷ್ಟಪಡಿಸಿ. ರೇಟಿಂಗ್‌ಗೆ ಹೊಂದಿಸಲೆಂದು ಇಲ್ಲದ ದೋಷ ಹುಡುಕಿ ಬರೆಯುವುದು ಮಾತ್ರ ಸಲ್ಲದು, ಏಕೆಂದರೆ ಆ ಬರಹ ಕಡತದಲ್ಲಿ ಉಳಿದು ಅವರ ಮುಂದಿನ ಬಡ್ತಿಗೂ ಅಡ್ಡ ಬರುತ್ತದೆ. ‘ನನ್ನ ಕೈಯಲ್ಲೇನಿದೆ’ ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಸಹಿ ನಿಮ್ಮದೇ ಅಲ್ಲವೇ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಸಿಎನ್‌ಸಿ ಶಾಪ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಬಿಡಿಭಾಗ ಕೊರೆಯುವ ಕಾರ್ಖಾನೆ. ಕೆಟ್ಟ ಪೀಸುಗಳನ್ನು ಕೆಲಸಗಾರರು ಮುಚ್ಚಿಡುತ್ತಾರೆ, ಗ್ರಾಹಕರಿಂದ ವಾಪಸ್ ಬಂದಾಗಲೇ ನಮಗೆ ಗೊತ್ತಾಗುವುದು. ದಂಡ ಹಾಕಿದರೂ ನಿಂತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ದಂಡ ಹಾಕುತ್ತಿರುವುದರಿಂದಲೇ ಮುಚ್ಚಿಡುತ್ತಿದ್ದಾರೆ. ಟೊಯೊಟಾ ಕಾರ್ಖಾನೆಗಳಲ್ಲಿ ಲೋಪ ಕಂಡ ಕೆಲಸಗಾರ ಯಾರೇ ಆಗಿರಲಿ, ಹಗ್ಗ ಎಳೆದು ಅಥವಾ ಗುಂಡಿ ಒತ್ತಿ ಸೂಚನೆ ಕೊಡಬಹುದು. ಆಂಡಾನ್ ಎಂಬ ಫಲಕದಲ್ಲಿ ದೀಪ ಹೊತ್ತಿದೊಡನೆ ಟೀಮ್ ಲೀಡರ್ ಅಲ್ಲಿಗೆ ಬರುತ್ತಾರೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಅವರು ಬರುವುದು ನೆರವಿಗೆ, ವಿಚಾರಣೆಗಲ್ಲ. ನಿಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಪ್ರತಿ ಮೆಷಿನ್ ಪಕ್ಕದಲ್ಲೂ ಕೆಟ್ಟ ಪೀಸು ಹಾಕಲು ಒಂದು ಕೆಂಪು ಡಬ್ಬ ಇಡಿಸಿ, ದಂಡವನ್ನು ನಿಲ್ಲಿಸಿ, ಶಿಫ್ಟ್ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಆಪರೇಟರ್ ಜೊತೆ ನಿಂತು ಒಂದೊಂದು ಪೀಸನ್ನೂ ನೋಡಲಿ: ಇನ್ಸರ್ಟ್ (ಕತ್ತರಿಸುವ ಅಲಗು) ಸವೆದಿತ್ತೇ, ಆಫ್‌ಸೆಟ್ (ಮೆಷಿನ್‌ಗೆ ಕೊಟ್ಟ ಅಳತೆಯ ಹೊಂದಾಣಿಕೆ) ತಪ್ಪಿತ್ತೇ, ಕಚ್ಚಾ ಮಾಲೇ ಸರಿಯಿರಲಿಲ್ಲವೇ? ಮೊದಲ ತಿಂಗಳು ಕಾಗದದ ಮೇಲೆ ರಿಜೆಕ್ಷನ್ (ಕೆಟ್ಟ ಪೀಸುಗಳ ಲೆಕ್ಕ) ಏರುತ್ತದೆ, ಮುಚ್ಚಿಟ್ಟದ್ದು ಹೊರಬರುವುದರಿಂದ. ಆ ಅಂಕಿ ನೋಡಿ ಸೂಪರ್‌ವೈಸರ್ ಮೇಲೆ ರೇಗಬೇಡಿ. ಅವರಿಗೂ ನಿಮ್ಮ ಭಯವಿದೆ.