ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಮೇಲ್ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಹಾಸನದವಳು. ಮೊನ್ನೆ ನನ್ನ ಜಿಮೇಲ್‌ನಿಂದ ಪರಿಚಯದವರಿಗೆಲ್ಲ, ‘ಕಷ್ಟದಲ್ಲಿದ್ದೇನೆ, ಫೋನ್ ಮಾಡಬೇಡಿ, ಮೇಲ್‌ನಲ್ಲೇ ಉತ್ತರ ಕೊಡಿ’ ಎಂದು ಹೋಗಿದೆ. ನಿನ್ನೆ ರಾತ್ರಿ ಹಳೆಯ ವಿದ್ಯಾರ್ಥಿಯೊಬ್ಬ ನಂಬಿ 15 ಸಾವಿರ ರೂಪಾಯಿ ಹಾಕಿಬಿಟ್ಟಿದ್ದಾನೆ. ತಕ್ಷಣ ಪಾಸ್‌ವರ್ಡ್ ಬದಲಾಯಿಸಿದೆ. ಆದರೂ ಅವರು ಬರೆದ ಉತ್ತರಗಳು ನನಗೆ ಬರುತ್ತಿಲ್ಲ. ಮುಖ ತೋರಿಸಲು ನಾಚಿಕೆಯಾಗುತ್ತಿದೆ. ಅಕೌಂಟನ್ನೇ ಡಿಲೀಟ್ ಮಾಡಲೇ?

ಉತ್ತರ: ಡಿಲೀಟ್ ಮಾತ್ರ ಮಾಡಬೇಡಿ ಮೇಡಂ. ಬ್ಯಾಂಕು, ಪಿಂಚಣಿ ಎಲ್ಲಕ್ಕೂ ಅದೇ ವಿಳಾಸ ಕೊಟ್ಟಿರುತ್ತೀರಿ, ಅಲ್ವಾ? ದೂರು ಕೊಡಲು ಬೇಕಾದ ಸಾಕ್ಷಿಯೂ ಅದರೊಳಗೇ ಇದೆ.

ಮೊದಲು ಆ ಹುಡುಗನಿಗೆ ಹೇಳಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಹಣ ಹೋಗಿದ್ದು ಅವನ ಖಾತೆಯಿಂದ, ಹಾಗಾಗಿ ಅವನೇ ಮಾಡಿದರೆ ಒಳ್ಳೆಯದು. ಹಣ ಹಾಕಿದ ಸಮಯ, ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿರಲಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ದಾಟಿಸುತ್ತಾರೆ. ಇನ್ನೂ ಯಾವುದೋ ಖಾತೆಯಲ್ಲಿ ಉಳಿದಿದ್ದರೆ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಅದಕ್ಕೇ ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಈಗ ಉತ್ತರಗಳು ಎಲ್ಲಿಗೆ ಹೋಗುತ್ತಿವೆ ಎಂಬ ಮಾತು. ಹೆಚ್ಚಿನವರು ಪಾಸ್‌ವರ್ಡ್ ಬದಲಾಯಿಸಿ ಅಲ್ಲಿಗೇ ಬಿಡುತ್ತಾರೆ. ಆದರೆ ಒಳಗೆ ಬಂದವನು ಹೋಗುವ ಮುಂಚೆ ಹಿತ್ತಲ ಬಾಗಿಲಿನ ಚಿಲಕ ತೆಗೆದಿಟ್ಟು ಹೋಗಿರುತ್ತಾನೆ. ಮುಂಬಾಗಿಲಿಗೆ ಹೊಸ ಬೀಗ ಹಾಕಿದರೆ ಅದು ಮುಚ್ಚುವುದಿಲ್ಲ.

ಇದನ್ನು ಫೋನಿನ ಆ್ಯಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆಗೆಯಿರಿ. ಮೇಲೆ ಬಲಗಡೆ ಹಲ್ಲುಚಕ್ರದ ಚಿತ್ರವಿದೆ. ಅದನ್ನು ಒತ್ತಿ ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ. ‘ಫಿಲ್ಟರ್ಸ್’ ಎಂಬಲ್ಲಿ ನೋಡಿ. ‘ಬರುವ ಮೇಲ್‌ಗಳನ್ನು ನೇರವಾಗಿ ಡಿಲೀಟ್ ಮಾಡು’ ಎಂಬಂಥ ನಿಯಮವನ್ನು ಕಳ್ಳ ಬರೆದಿಟ್ಟಿರಬಹುದು. ನೀವು ಮಾಡದ ಫಿಲ್ಟರ್ ಏನೇ ಕಂಡರೂ ಫೋಟೊ ತೆಗೆದುಕೊಂಡು ಅಳಿಸಿ. ಪಕ್ಕದ ‘ಫಾರ್ವರ್ಡಿಂಗ್’ನಲ್ಲಿ ಬೇರೆ ಯಾರದೋ ವಿಳಾಸ ಇದ್ದರೆ, ನಿಮ್ಮ ಮೇಲ್‌ಗಳ ಪ್ರತಿ ಅವನಿಗೆ ಹೋಗುತ್ತಿದೆ ಎಂದೇ ಅರ್ಥ.

ನನಗೆ ಜಾಸ್ತಿ ಅನುಮಾನ ಇರುವುದು ‘ಅಕೌಂಟ್ಸ್ ಅಂಡ್ ಇಂಪೋರ್ಟ್’ ಮೇಲೆ. ಅಲ್ಲಿ ‘ಸೆಂಡ್ ಮೇಲ್ ಆ್ಯಸ್’ ಎಂಬ ಸಾಲಿನಲ್ಲಿ ‘ರಿಪ್ಲೈ-ಟು’ ವಿಳಾಸ ಇದೆಯೇ ನೋಡಿ. ಒಂದೇ ಒಂದು ಅಕ್ಷರ ಬದಲಾದ, ಥೇಟ್ ನಿಮ್ಮದರಂತೆಯೇ ಕಾಣುವ ವಿಳಾಸ ಇರಬಹುದು. ನಿಮ್ಮ ಹೆಸರಲ್ಲಿ ಹೋದ ಮೇಲ್‌ಗೆ ಬರೆದ ಉತ್ತರವೆಲ್ಲ ಆಗ ಅವನ ಕೈ ಸೇರುತ್ತದೆ. ಹಾಗಿದ್ದರೆ, ‘ಫೋನ್ ಮಾಡಬೇಡಿ’ ಎಂದು ಬರೆದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ! ಟ್ರ್ಯಾಶ್ ಕೂಡ ನೋಡಿ. ಅಳಿಸಿದ ಮೇಲ್ 30 ದಿನ ಅಲ್ಲಿರುತ್ತದೆ, ವಾಪಸ್ ತರಬಹುದು.

ನಂತರ ಗೂಗಲ್ ಅಕೌಂಟಿನ ‘ಸೆಕ್ಯುರಿಟಿ’ ಪುಟ. ರಿಕವರಿ ಫೋನ್ ನಂಬರ್ ನಿಮ್ಮದೇ ತಾನೇ? ಗುರುತಿಲ್ಲದ ಮೊಬೈಲ್, ಕಂಪ್ಯೂಟರ್ ಕಂಡರೆ ಸೈನ್ ಔಟ್ ಮಾಡಿ. ಗೊತ್ತಿಲ್ಲದ ಆ್ಯಪ್‌ಗೆ ಅನುಮತಿ ಇದ್ದರೆ ಕಿತ್ತುಹಾಕಿ. ಇದೆಲ್ಲ ಮುಗಿದ ಮೇಲೆ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಾಯಿಸಿ. ಹಳೆಯ ಪಾಸ್‌ವರ್ಡನ್ನೇ ಬೇರೆ ಕಡೆಯೂ ಇಟ್ಟಿದ್ದರೆ ಅಲ್ಲೂ ಬದಲಾಯಿಸಬೇಕು. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಹತ್ತು ಕಡೆ ಹಾಕಿ ನೋಡುವುದು ಇವರ ಹಳೇ ಚಾಳಿ.

ಪರಿಚಯದವರಿಗೆ ಮೇಲ್ ಬೇಡ, ಸದ್ಯ ಅದನ್ನು ಯಾರೂ ನಂಬುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ದನಿಯಲ್ಲೇ ಹೇಳಿ: ‘ನನ್ನ ಮೇಲ್ ಕಳ್ಳರ ಕೈಗೆ ಸಿಕ್ಕಿತ್ತು. ದುಡ್ಡು ಕೇಳಿದ್ದು ನಾನಲ್ಲ. ಅದಕ್ಕೆ ಉತ್ತರ ಕೊಡಬೇಡಿ.’ ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್, ಸಿಕ್ಕ ಪ್ರತಿ ಕಂಪ್ಯೂಟರ್‌ನ ವಿಳಾಸ ಪಟ್ಟಿಯ ಮೊದಲ 50 ಜನರಿಗೆ ತಾನೇ ಮೇಲ್ ಕಳಿಸುತ್ತಿತ್ತು. ದೊಡ್ಡ ದೊಡ್ಡ ಕಂಪನಿಗಳೇ ಆಗ ಮೇಲ್ ವ್ಯವಸ್ಥೆ ನಿಲ್ಲಿಸಬೇಕಾಯಿತು. ಗೊತ್ತಿರುವವರ ಹೆಸರು ಕಂಡರೆ ಎಲ್ಲರೂ ನಂಬುತ್ತೇವೆ. ನಿಮ್ಮ ಶಿಷ್ಯ ದುಡ್ಡು ಹಾಕಿದ್ದೂ ನಿಮ್ಮ ಮೇಲಿನ ಪ್ರೀತಿಯಿಂದಲೇ.

ನೀವೂ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಇನ್ನೊಬ್ಬರ ಪಾಸ್‌ವರ್ಡ್ ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಇದೆ. ಆ ಫಿಲ್ಟರ್, ರಿಪ್ಲೈ-ಟು ವಿಳಾಸದ ಫೋಟೊಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಇಷ್ಟಾದ ಮೇಲೆ ‘ಟೂ-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ. ಆಗ ಪಾಸ್‌ವರ್ಡ್ ಒಂದೇ ಇಟ್ಟುಕೊಂಡು ಒಳಗೆ ಬರುವುದು ಕಷ್ಟ. ಅಲ್ಲೇ 10 ಬ್ಯಾಕಪ್ ಕೋಡ್ ಕೊಡುತ್ತಾರೆ. ಅವನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಇಡುವ ಜಾಗದಲ್ಲಿಡಿ. ಫೋನ್ ಕಳೆದ ದಿನ ಬೇಕಾಗುತ್ತದೆ.