ರಾತ್ರಿ ಕಾಣದ ‘ಬಲ ತಿರುವು ಇಲ್ಲ’ ಫಲಕ: ಪ್ರತಿಕ್ರಿಯೆ

ಕತ್ತಲಲ್ಲಿ ಫಲಕ ಕಾಣದೆ ಬಲಕ್ಕೆ ತಿರುಗಿದ್ದಕ್ಕೆ ದಂಡದ ನೋಟಿಸ್ ಬಂದಿದೆ, ಎಲ್‌ಇಡಿ ಫಲಕ ಹಾಕಬಾರದೇ ಎಂದು ಕೇಳಿದ್ದೀರಿ. ಮೊದಲು ಆ ಫಲಕದ ಫೋಟೊ ತೆಗೆದುಕೊಳ್ಳಿ. ಸಾಮಾನ್ಯ ಫಲಕ ತಾನಾಗಿ ಬೆಳಗುವುದಿಲ್ಲ. ಹೆಡ್‌ಲೈಟ್ ಬೆಳಕನ್ನು ಬಂದ ದಾರಿಗೇ ಮರಳಿಸುತ್ತದೆ. ಹೊಂಗೆಯ ಕೊಂಬೆ ಅಡ್ಡ ಬಂದರೆ, ಕಂಬ ತಿರುಚಿಕೊಂಡರೆ, ಮೇಲೆ ಪಿಜಿ ಜಾಹೀರಾತು ಅಂಟಿದರೆ (ಬೆಂಗಳೂರಿನಲ್ಲಿ ಅಂಟದ ಕಂಬ ಯಾವುದು?) ಮುಗಿಯಿತು. ಮೋಟಾರು ವಾಹನ ಕಾಯ್ದೆ, 1988ರ 119ನೇ ಕಲಮಿನಂತೆ ಕಡ್ಡಾಯ ಫಲಕವನ್ನು ಪಾಲಿಸಲೇಬೇಕು. ಆದ್ದರಿಂದ ‘ಕಾಣಲಿಲ್ಲ’ ಎಂಬ ಬಾಯಿಮಾತು ನಿಲ್ಲುವುದು ಕಷ್ಟ.

ಎಲ್‌ಇಡಿಯ ನಿಜವಾದ ಉಪಯೋಗವಿರುವುದು ದಟ್ಟಣೆಯ ಹೊತ್ತಿನಲ್ಲಿ ಮಾತ್ರ ತಿರುವು ನಿಷೇಧಿಸಿರುವ ಕಡೆ: ಆಗಷ್ಟೇ ಉರಿಯುವಂತೆ ಮಾಡಬಹುದು, ಸವಾರನಿಗೆ ಸಣ್ಣಕ್ಷರದ ವೇಳಾಪಟ್ಟಿ ಓದುವ ಗೋಳಿಲ್ಲ. ಇಡೀ ದಿನದ ನಿಷೇಧವಾದರೆ ರಸ್ತೆ ವಿಭಜಕದ ಸಂದು ಮುಚ್ಚುವುದೇ ವಾಸಿ. ಸಂಚಾರ ಪೊಲೀಸರಿಗೆ ಬರೆಯುವಾಗ ಅದನ್ನೂ ಕೇಳಿ.