ಇನ್ನೂ ಎಂಬತ್ತೊಂದು ಆಟ

(ಪುತ್ತೂರು ಮೂಲದ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಓದುಗರೊಬ್ಬರು 2025ರ ಜೂನ್ ಕೊನೆಯ ವಾರ ಬರೆದ ಪತ್ರದ ಸಾರ ಇದು: ‘ಮಗ ಚಿಕ್ಕವನಿದ್ದಾಗ ಬಾರ್ಟ್ ರೈಲು ಹತ್ತಿಸಿಕೊಂಡು ಹೋಗಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಬೇಸ್‌ಬಾಲ್ ತೋರಿಸುತ್ತಿದ್ದೆ. ಅವನು ಪೆನ್ಸಿಲ್ ಹಿಡಿದು ಪುಸ್ತಕದಲ್ಲಿ ಸ್ಕೋರ್ ಬರೆಯುತ್ತಿದ್ದ. ಈಗ ಮಗ ದೂರದ ಊರಲ್ಲಿದ್ದಾನೆ, ತಂಡವೂ ಓಕ್ಲೆಂಡ್ ಬಿಟ್ಟಿತು. ಆದರೂ ರಾತ್ರಿ ಅಡುಗೆ ಮಾಡುವಾಗ ರೇಡಿಯೊ ಹಾಕುತ್ತೇನೆ. ಸೀಸನ್ ಅರ್ಧ ಮುಗಿದಿದೆ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಇನ್ನೂ ಎಂಬತ್ತೊಂದು ಆಟ ಇವೆ. ಯಾರಿಗಾಗಿ ಕೇಳಬೇಕು? ನಮ್ಮ ಯಜಮಾನರು ಜೂನ್‌ನಲ್ಲಿ ಅದೇ ಓಕ್ಲೆಂಡ್ ಕೊಲಿಸಿಯಂ ಸ್ಟೇಡಿಯಮ್ಮಿಗೆ ಕ್ರಿಕೆಟ್ ನೋಡಲು ಹೋಗಿ ಸಂತೋಷವಾಗಿ ಬಂದರು. ನನಗೆ ಮನಸ್ಸಾಗಲಿಲ್ಲ.’)

ಮಾನ್ಯ ಓದುಗರೇ,

ಪತ್ರ ಓದಿ ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಈ ತಂಡ ನನಗೂ ಅಪರಿಚಿತವಲ್ಲ. 2002ರಲ್ಲಿ ಹೇವರ್ಡ್‌ನ ಅಣ್ಣನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅಣ್ಣ ಕೆಲಸದಿಂದ ಬಂದವನೇ ರೇಡಿಯೊ ಹಾಕುತ್ತಿದ್ದ. ಆಟದ ಗಂಧಗಾಳಿ ಇಲ್ಲದ ನನಗೆ ಮೊದಲು ಹಿಡಿಸಿದ್ದು ವೀಕ್ಷಕ ವಿವರಣೆಗಾರ ಬಿಲ್ ಕಿಂಗ್ ಅವರ ಧ್ವನಿ. ಆಗಸ್ಟ್ ಮಧ್ಯದಿಂದ ತಂಡ ಸೋಲುವುದನ್ನೇ ಮರೆಯಿತು. ಸೆಪ್ಟೆಂಬರ್ 4ರ ರಾತ್ರಿ ಕಾನ್ಸಾಸ್ ಸಿಟಿ ವಿರುದ್ಧ 11–0 ಮುಂದಿದ್ದವರು ಎದುರಾಳಿಗೆ 11–11 ಆಗಲು ಬಿಟ್ಟರು. ಕೊನೆಯಲ್ಲಿ ಸ್ಕಾಟ್ ಹ್ಯಾಟ್‌ಬರ್ಗ್ ಬಾರಿಸಿದ ಹೋಮ್ ರನ್ನಿನಿಂದ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ) ಸತತ ಇಪ್ಪತ್ತನೇ ಗೆಲುವು ಬಂತು. ಅಣ್ಣ ಅತ್ತುಬಿಟ್ಟಿದ್ದ. ಅವನು ಅತ್ತದ್ದನ್ನು ಅದಕ್ಕೆ ಮೊದಲು ನಾನು ಕಂಡದ್ದು ಅಪ್ಪ ತೀರಿಕೊಂಡಾಗ ಮಾತ್ರ.

ಅದಕ್ಕೇ ನಿಮಗೆ ಸುಲಭದ ಸಮಾಧಾನ ಹೇಳಲು ಮನಸ್ಸು ಒಪ್ಪುತ್ತಿಲ್ಲ. ಹೇಳುವವರು ಹೇಳುತ್ತಾರೆ: 1914ರಲ್ಲಿ ಬಾಸ್ಟನ್ ಬ್ರೇವ್ಸ್ ಜುಲೈ 4ರಂದು ಪಟ್ಟಿಯ ತಳದಲ್ಲಿತ್ತು, ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸನ್ನೇ ಗೆದ್ದಿತು. (ಅಂದು ಸೋತದ್ದು ನಿಮ್ಮ ಅಥ್ಲೆಟಿಕ್ಸೇ, ಆಗ ಫಿಲಡೆಲ್ಫಿಯಾದ ತಂಡ.) 2019ರ ವಾಷಿಂಗ್ಟನ್ ಮೊದಲ ಐವತ್ತು ಆಟದಲ್ಲಿ ಗೆದ್ದದ್ದು 19. 2021ರ ಅಟ್ಲಾಂಟಾಕ್ಕೆ ಜುಲೈ ಮಧ್ಯದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಿತ್ತು, ಮುಖ್ಯ ಆಟಗಾರ ಅಕುನಾ ಮೊಣಕಾಲು ಪೆಟ್ಟಾಗಿ ಹೊರಬಿದ್ದಿದ್ದರು. ಅವೆರಡೂ ಚಾಂಪಿಯನ್ ಆದವು. ಎಲ್ಲವೂ ನಿಜ. ಆದರೆ ಇಂಥ ಮೂರ್ನಾಲ್ಕು ಕಥೆ ನೆನಪಿನಲ್ಲಿ ಉಳಿದಿರುವುದು ಉಳಿದ ವರ್ಷಗಳಲ್ಲಿ ಹಾಗಾಗದ ಕಾರಣಕ್ಕೇ. ಅರ್ಧ ಸೀಸನ್ ಎಂದರೆ 81 ಆಟ. ತಂಡದ ಕಸುವು ಎಷ್ಟೆಂದು ತಿಳಿಯಲು ಅಷ್ಟು ಸಾಕು. ನಿಮ್ಮ ತಂಡ ಈ ವರ್ಷ ಕಪ್ ಎತ್ತುತ್ತದೆ ಎಂದು ನಾನು ಹೇಳಲಾರೆ, ನೀವೂ ನಂಬಲಾರಿರಿ.

ನೀವು ಪುತ್ತೂರಿನವರು. ನಮ್ಮ ಕಡೆ ‘ಆಟಕ್ಕೆ ಹೋಗುವುದು’ ಎಂದರೆ ಯಕ್ಷಗಾನಕ್ಕೆ ಎಂದು ನಿಮಗೆ ಹೇಳಬೇಕಿಲ್ಲ. ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು, ದಿನಕ್ಕೊಂದು ಆಟ. ಫೆಬ್ರವರಿಯ ಯಾವುದೋ ಚಳಿಯ ರಾತ್ರಿ, ಯಾರದೋ ಮನೆಯ ಹರಕೆಯಾಟ, ಗದ್ದೆಯಲ್ಲಿ ಹಾಕಿದ ಕುರ್ಚಿಗಳಲ್ಲಿ ಅರ್ಧ ಖಾಲಿ. ಅಂಥ ರಾತ್ರಿ ಒಬ್ಬ ಪುಂಡುವೇಷಧಾರಿ ಹಿಂದೆಂದೂ ಮಾಡದ ಒಂದು ಕುಣಿತ ಕುಣಿದುಬಿಡುತ್ತಾನೆ. ನೋಡಿದವರು ಮೂವತ್ತು ಜನ. ಅವರು ಅದನ್ನು ಮೂವತ್ತು ವರ್ಷ ಹೇಳಿಕೊಂಡು ತಿರುಗುತ್ತಾರೆ. 162 ಆಟಗಳ ಸೀಸನ್ ನನಗೆ ಅರ್ಥವಾದದ್ದು ಈ ತಿರುಗಾಟದ ಮೂಲಕವೇ. 2001ರಲ್ಲಿ ಸಿಯಾಟಲ್ 116 ಆಟ ಗೆದ್ದಿತು. ಆ ತಂಡವೂ 46 ರಾತ್ರಿ ಸೋತು ಮನೆಗೆ ಹೋಗಿದೆ, ವರ್ಲ್ಡ್ ಸೀರೀಸಿಗೆ ಮುಟ್ಟಲೂ ಇಲ್ಲ. 2024ರಲ್ಲಿ 121 ಆಟ ಸೋತ ಶಿಕಾಗೊ ವೈಟ್ ಸಾಕ್ಸ್ ಕೂಡ 41 ದಿನ ಗೆದ್ದಿತು. ಆ 41ರಲ್ಲಿ ಒಂದು ದಿನ ಅಮ್ಮನ ಕೈಹಿಡಿದು ಬಂದ ಹುಡುಗನಿಗೆ ಅದೇ ವರ್ಲ್ಡ್ ಸೀರೀಸ್.

ಆದರೆ ನಿಮ್ಮ ನೋವು ಸೋಲಿನದಲ್ಲ ಎಂದು ನನಗನ್ನಿಸುತ್ತದೆ. 1968ರಲ್ಲಿ ಓಕ್ಲೆಂಡಿಗೆ ಬಂದ ತಂಡ 1972, 73, 74ರಲ್ಲಿ ಸತತವಾಗಿ, ಮತ್ತೆ 1989ರಲ್ಲಿ ಚಾಂಪಿಯನ್ ಆಯಿತು. ಸೋತ ವರ್ಷಗಳೂ ಬೇಕಾದಷ್ಟಿದ್ದವು, ಜನ ಬಿಡಲಿಲ್ಲ. 2023ರ ಜೂನ್ 13ರಂದು, ತಂಡ ದೇಶಕ್ಕೇ ಕೊನೆಯಲ್ಲಿದ್ದಾಗ, 27,759 ಮಂದಿ ಕೊಲಿಸಿಯಮ್ಮಿಗೆ ಬಂದು ‘ತಂಡವನ್ನು ಮಾರಿ’ ಎಂದು, ಊರು ಬಿಡಲು ಹೊರಟಿದ್ದ ಮಾಲೀಕರಿಗೆ ಕೇಳುವಂತೆ ಕೂಗಿದರು. ಜನ ಬರುತ್ತಿಲ್ಲ ಎಂಬ ಮಾತಿಗೆ ಅದು ಉತ್ತರ. ಪ್ರಯೋಜನವಾಗಲಿಲ್ಲ. 2024ರ ಸೆಪ್ಟೆಂಬರ್ 26ರಂದು 46,889 ಜನರ ಮುಂದೆ ಟೆಕ್ಸಸ್ ತಂಡವನ್ನು 3–2ರಿಂದ ಸೋಲಿಸಿ ಅವರು ಹೊರಟೇಹೋದರು. ಈಗ ಲಾಸ್ ವೇಗಸ್‌ನಲ್ಲಿ ಸ್ಟೇಡಿಯಂ ಏಳುವವರೆಗೆ ವೆಸ್ಟ್ ಸ್ಯಾಕ್ರಮೆಂಟೊದ ಕಿರಿಯ ಲೀಗಿನ ಒಂದು ಪುಟ್ಟ ಮೈದಾನದಲ್ಲಿ ಬಿಡಾರ. ಹೆಸರು ಬರೀ ‘ಅಥ್ಲೆಟಿಕ್ಸ್’, ಮುಂದೆ ಊರಿನ ಹೆಸರಿಲ್ಲ. ಇದು ನನ್ನನ್ನು ಬಹಳ ಕಾಡಿದೆ. ಕಟೀಲು, ಧರ್ಮಸ್ಥಳ, ಮಂದಾರ್ತಿ ಎಂದು ಊರಿನಿಂದಲೇ ಮೇಳವನ್ನು ಕರೆದು ಬೆಳೆದವರು ನಾವು. ಸುರತ್ಕಲ್ ಮೇಳ ನಿಂತಾಗ ನಮ್ಮ ಮನೆಯಲ್ಲಿ ಹಿರಿಯರು ಸೂತಕದ ಹಾಗೆ ಕೂತದ್ದು ನೋಡಿದ್ದೇನೆ. ನಿಮ್ಮದು ಅದಕ್ಕಿಂತ ಕಷ್ಟದ್ದು. ಮೇಳ ನಿಂತಿಲ್ಲ, ಬೇರೆ ಕಡೆ ಕುಣಿಯುತ್ತಿದೆ.

ನಿಮ್ಮ ಯಜಮಾನರು ನೋಡಿದ್ದು ಜೂನ್ 12ರ ಮ್ಯಾಚ್ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೊ ಯುನಿಕಾರ್ನ್ಸ್ ಪರವಾಗಿ ಫಿನ್ ಅಲೆನ್ 51 ಎಸೆತಕ್ಕೆ 151 ಹೊಡೆದು 19 ಸಿಕ್ಸರ್ ಎತ್ತಿದರಲ್ಲ, ಅದು. ಅವರ ಸಂತೋಷದಲ್ಲಿ ತಪ್ಪಿಲ್ಲ. ಕ್ರಿಕೆಟ್ ಆ ಮೈದಾನವನ್ನು ಯಾರಿಂದಲೂ ಕಿತ್ತುಕೊಂಡದ್ದಲ್ಲ, ಬಿಟ್ಟುಹೋದ ಜಾಗಕ್ಕೆ ಬಂದದ್ದು. ಆದರೂ ಮಗನ ಜೊತೆ ಕೂತ ಕುರ್ಚಿಯಲ್ಲಿ ಬೇರೆ ಆಟ ನೋಡಲು ಮನಸ್ಸಾಗದಿದ್ದರೆ ಹೋಗಬೇಡಿ. ಒತ್ತಾಯದಿಂದ ನೋಡುವ ಆಟ ಮನಸ್ಸಿಗೆ ಇಳಿಯುವುದಿಲ್ಲ.

ಯಾರಿಗಾಗಿ ಕೇಳಬೇಕು ಎಂದಿರಿ. ಮಾಲೀಕರಿಗಾಗಿ ಅಲ್ಲ, ಅಷ್ಟು ಖಂಡಿತ. ನಾನಾಗಿದ್ದರೆ ನಿಮ್ಮ ತಂಡದ ಜೇಕಬ್ ವಿಲ್ಸನ್‌ಗಾಗಿ ಕೇಳುತ್ತಿದ್ದೆ. ಮೊದಲ ಪೂರ್ಣ ಸೀಸನ್ ಆಡುತ್ತಿರುವ ಹುಡುಗ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದವನನ್ನು ದೊಡ್ಡ ಬ್ಯಾಟರ್ ಎನ್ನುವ ಆಟದಲ್ಲಿ ಅದಕ್ಕಿಂತ ಮೇಲಿದ್ದಾನೆ. ಎಲ್ಲರೂ ಹೋಮ್ ರನ್ನಿಗೆ ಬೀಸಿ ಸ್ಟ್ರೈಕ್ ಔಟ್ (ಚೆಂಡಿಗೆ ಸರಿಯಾಗಿ ಬ್ಯಾಟ್ ತಾಗಿಸಲಾಗದೆ ಔಟ್) ಆಗುತ್ತಿರುವ ಈ ಕಾಲದಲ್ಲಿ ಅವನನ್ನು ಸ್ಟ್ರೈಕ್ ಔಟ್ ಮಾಡುವುದೇ ಚೆಂಡೆಸೆಯುವ ಪಿಚರ್‌ಗಳಿಗೆ ದೊಡ್ಡ ಕೆಲಸ. ಲೀಗಿನ ಆಯ್ದ ತಾರೆಯರು ಆಡುವ ಈ ತಿಂಗಳ ಆಲ್ ಸ್ಟಾರ್ ಪಂದ್ಯದ ಆರಂಭಿಕ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಜನರೇ ಅವನನ್ನು ಆರಿಸಿದ್ದಾರೆ. ಅಪ್ಪ ಜ್ಯಾಕ್ ವಿಲ್ಸನ್ ಪಿಟ್ಸ್‌ಬರ್ಗ್‌ನಲ್ಲಿ ಅದೇ ಜಾಗದಲ್ಲಿ ಆಡುತ್ತಿದ್ದವರು. ತಂಡ ಎಲ್ಲಿಗೆ ಹೋಗಬೇಕು ಎಂದು ಆ ಹುಡುಗನನ್ನು ಯಾರೂ ಕೇಳಲಿಲ್ಲ, ನಿಮ್ಮನ್ನು ಕೇಳದ ಹಾಗೆಯೇ.

ರೇಡಿಯೊ ಬಿಟ್ಟು ಮೈದಾನದಲ್ಲೇ ಕೂರಬೇಕೆನಿಸಿದರೆ, ವೆಸ್ಟ್ ಓಕ್ಲೆಂಡ್‌ನ ರೈಮಂಡಿ ಪಾರ್ಕಿಗೆ ಹೋಗಿ. ತಂಡ ಹೋಗುತ್ತದೆ ಎಂದು ಗೊತ್ತಾದ ಮೇಲೆ ಊರಿನವರು ಕಟ್ಟಿದ ಓಕ್ಲೆಂಡ್ ಬಾಲರ್ಸ್ ಅಲ್ಲಿ ಪಯೋನಿಯರ್ ಲೀಗಿನಲ್ಲಿ ಆಡುತ್ತದೆ, 2024ರಿಂದ. ಅಭಿಮಾನಿಗಳೇ ಸಣ್ಣ ಸಣ್ಣ ಪಾಲು ಕೊಂಡಿದ್ದಾರೆ. ದೊಡ್ಡ ಲೀಗಿನ ಮಟ್ಟದ ಆಟವಲ್ಲ, ಆಟಗಾರರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ತಂಡದ ಹೆಸರಿನಲ್ಲೇ ಓಕ್ಲೆಂಡ್ ಇದೆ. ನಿಮಗೆ ಗೊತ್ತಿರುವ ಅದೇ ಬಾರ್ಟ್ ರೈಲು, ಈ ಸಲ ಕೊಲಿಸಿಯಂ ನಿಲ್ದಾಣದಲ್ಲಿ ಇಳಿಯದೆ ಮುಂದಕ್ಕೆ ಕೂತಿರಬೇಕು, ಅಷ್ಟೇ.

ಮಗನ ಸ್ಕೋರ್ ಪುಸ್ತಕ ಅಲ್ಲೇ ಇದ್ದರೆ ಅದನ್ನೇ ತೆಗೆದುಕೊಂಡು ಹೋಗಿ. ಹೊಸದು ಬೇಡ. ಖಾಲಿ ಹಾಳೆಯಿಂದ ಶುರು ಮಾಡಿ, ಬರೆದದ್ದರ ಫೋಟೊ ತೆಗೆದು ಅವನಿಗೆ ಕಳಿಸಿ. ಸೀಸನ್ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ, ನನಗೂ ಒಂದು ಪತ್ರ ಹಾಕಿ. ನಾವು ಅಚ್ಚು ಹಾಕುತ್ತೇವೆ.

– ಸಂಪಾದಕ